ಖಾಲಿ ಮ್ಯಾಗಜಿನ್ ಬಿಸಾಡಿದ್ರೆ ಏನಾಗುತ್ತೆ? ರೈಫಲ್ ರೀಲೋಡ್ ಹಿಂದಿನ ಲೆಕ್ಕ

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಓದಿಕೊಂಡು ಹೋಗೋರಿಗೆ ಈ ಬರಹ. ಮೊದಲೇ ಹೇಳಿಬಿಡ್ತೀನಿ, ನಾನು ಸೈನಿಕ ಅಲ್ಲ, ಕೋಡ್ ಬರೆಯೋನು. ಆದ್ರೆ ಈ ವಿಷಯದಲ್ಲಿ ನಮ್ಮ ಕಸುಬಿನವರಿಗೆ ಅರ್ಥ ಆಗೋ ಒಂದು ಒಳ್ಳೆ ಡಿಸೈನ್ ಪ್ರಶ್ನೆ ಇದೆ.

ಸಿನಿಮಾದಲ್ಲಿ ಹೀರೋ ರೀಲೋಡ್ ಮಾಡೋದನ್ನ ನೆನಪಿಸಿಕೊಳ್ಳಿ. ಖಾಲಿ ಮ್ಯಾಗಜಿನ್ ಟಪ್ ಅಂತ ನೆಲಕ್ಕೆ ಬೀಳುತ್ತೆ, ಹೊಸದು ಚಕ್ ಅಂತ ಒಳಗೆ ಹೋಗುತ್ತೆ. ಬಿದ್ದಿದ್ದರ ಕಡೆ ಅವನು ತಿರುಗಿಯೂ ನೋಡಲ್ಲ. ಮೊಬೈಲ್ ಗೇಮ್‌ನಲ್ಲಿ ಇನ್ನೂ ಸುಲಭ: ಒಂದು ಬಟನ್ ಒತ್ತಿದ್ರೆ ಆಯ್ತು. ಅರ್ಧ ಖರ್ಚಾದ ಮ್ಯಾಗಜಿನ್‌ನಲ್ಲಿ ಉಳಿದಿದ್ದ ಗುಂಡುಗಳು ತಾವೇ ಬಂದು ಒಟ್ಟು ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ನಿಜವಾದ ಸೈನಿಕನಿಗೆ ಈ ಎರಡೂ ಸೌಲಭ್ಯ ಇಲ್ಲ. ಅವನು ಬಿಸಾಡಿದ ಮ್ಯಾಗಜಿನ್ ಹೋಯ್ತು ಅಂದ್ರೆ ಹೋಯ್ತು. ಅದರಲ್ಲಿದ್ದ ಹತ್ತು ಗುಂಡೂ ಹೋಯ್ತು.

ಡಬ್ಬಿ ಅಲ್ಲ, ಯಂತ್ರದ ಭಾಗ

ಮ್ಯಾಗಜಿನ್ ಅಂದ್ರೆ ಗುಂಡು ತುಂಬೋ ಡಬ್ಬಿ ಅಂತ ನಾವು ಅಂದ್ಕೋತೀವಿ. ಆದ್ರೆ ಅದು ರೈಫಲ್‌ನ ಒಂದು ಚಲಿಸುವ ಭಾಗ. ಒಳಗೆ ಒಂದು ಸ್ಪ್ರಿಂಗ್, ಅದರ ಮೇಲೆ ಗುಂಡುಗಳನ್ನ ಮೇಲಕ್ಕೆ ತಳ್ಳೋ ಒಂದು ತಟ್ಟೆ. ಬಾಯಿಯ ಹತ್ತಿರ ಒಳಕ್ಕೆ ಬಾಗಿರೋ ಎರಡು ಅಂಚುಗಳಿವೆ, ಇವನ್ನ ತುಟಿ ಅಂತ ಕರೆಯೋಣ. ಮೇಲಿನ ಗುಂಡನ್ನ ಸರಿಯಾದ ಕೋನದಲ್ಲಿ ಹಿಡಿದಿಟ್ಟುಕೊಳ್ಳೋದು ಈ ತುಟಿಗಳೇ. ಬೋಲ್ಟ್ ಮುಂದಕ್ಕೆ ಬಂದಾಗ ಆ ಗುಂಡನ್ನ ತಳ್ಳಿಕೊಂಡು ಚೇಂಬರ್‌ಗೆ ಸೇರಿಸುತ್ತೆ. ತುಟಿ ಸ್ವಲ್ಪ ಬಾಗಿದ್ರೂ ಸಾಕು, ಗುಂಡು ಅಡ್ಡಡ್ಡ ಸಿಕ್ಕಿಹಾಕಿಕೊಳ್ಳುತ್ತೆ. ಒಳಗೆ ಮಣ್ಣು ಸೇರಿದ್ರೆ ತಟ್ಟೆ ಮೇಲೇಳಲ್ಲ. ಎಷ್ಟೋ ಸಲ 'ರೈಫಲ್ ಜಾಮ್ ಆಯ್ತು' ಅನ್ನೋದರ ಹಿಂದಿನ ಕಾರಣ ಮ್ಯಾಗಜಿನ್. ವಿಯೆಟ್ನಾಂನಲ್ಲಿ ಅನೇಕ ಅಮೆರಿಕನ್ ಸೈನಿಕರು 20 ಗುಂಡಿನ ಎಂ16 ಮ್ಯಾಗಜಿನ್‌ಗೆ 18 ಮಾತ್ರ ತುಂಬ್ತಿದ್ರು. ಪೂರ್ತಿ ತುಂಬಿದ್ರೆ ಸ್ಪ್ರಿಂಗ್ ಮೇಲೆ ಒತ್ತಡ ಜಾಸ್ತಿಯಾಗಿ ಫೀಡಿಂಗ್ ಕೈಕೊಡುತ್ತೆ ಅನ್ನೋ ಭಯ.

ಕ್ಲಿಪ್ ಬಿಸಾಡಬಹುದು, ಮ್ಯಾಗಜಿನ್ ಬಿಸಾಡೋಕಾಗಲ್ಲ

ನಮ್ಮೂರ ಪೊಲೀಸರ ಹೆಗಲ ಮೇಲೆ, ಚುನಾವಣೆ ಬೂತ್ ಮುಂದೆ ನೋಡಿದ ತ್ರೀ ನಾಟ್ ತ್ರೀ ನೆನಪಿದೆಯಲ್ವಾ? ಅದೇ ಲೀ-ಎನ್‌ಫೀಲ್ಡ್. ಅದಕ್ಕೆ 10 ಗುಂಡಿನ ಮ್ಯಾಗಜಿನ್ ಇದೆ, ಅದನ್ನ ಬಿಚ್ಚೋಕೂ ಬರುತ್ತೆ. ಆದ್ರೆ ಸೈನಿಕ ಬಿಚ್ಚಿ ಬದಲಾಯಿಸ್ತಿರಲಿಲ್ಲ. 1895ರ ಮಾಡೆಲ್‌ನಲ್ಲಂತೂ ಮ್ಯಾಗಜಿನ್ ಕಳೆದುಹೋಗದ ಹಾಗೆ ಒಂದು ಚಿಕ್ಕ ಕೊಂಡಿಯಿಂದ ರೈಫಲ್‌ಗೇ ಕಟ್ಟಿಹಾಕಿದ್ರು! ಆಮೇಲಿನ ಮಾಡೆಲ್‌ಗಳಲ್ಲಿ 5 ಗುಂಡುಗಳ ಚಾರ್ಜರ್ ಬಂತು. ತಗಡಿನ ಪಟ್ಟಿಯಲ್ಲಿ ಜೋಡಿಸಿದ 5 ಗುಂಡನ್ನ ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಿದ್ರೆ ಒಳಗೆ ಇಳಿಯುತ್ತೆ, ಪಟ್ಟಿ ಬಿಸಾಡಬಹುದು. ಇದರ ಜಾಣತನ ನೋಡಿ: ಐದು ಗುಂಡು ಹಾರಿಸಿದ ಮೇಲೆ ಒಂದು ಚಾರ್ಜರ್ ಒತ್ತಿದ್ರೆ ಮತ್ತೆ ಫುಲ್. ಉಳಿದ ಐದು ಗುಂಡು ಇದ್ದಲ್ಲೇ ಇರುತ್ತೆ.

ಅಮೆರಿಕ 1936ರಲ್ಲಿ ಒಪ್ಪಿಕೊಂಡ ಎಂ1 ಗರಾಂಡ್ ಬೇರೆ ದಾರಿ ಹಿಡಿಯಿತು. 8 ಗುಂಡು ತುಂಬಿದ ಕ್ಲಿಪ್ ಪೂರ್ತಿಯಾಗಿ ರೈಫಲ್ ಒಳಗೇ ಹೋಗುತ್ತೆ. ಎಂಟನೇ ಗುಂಡು ಹಾರಿದ ಕೂಡಲೇ ಖಾಲಿ ಕ್ಲಿಪ್ 'ಪಿಂಗ್' ಅಂತ ಹೊರಕ್ಕೆ ಜಿಗಿಯುತ್ತೆ. ಪಿಂಗ್ ಕೇಳಿ ಶತ್ರು ಎದ್ದು ಬರ್ತಿದ್ದ ಅನ್ನೋ ಕಥೆ ತುಂಬಾ ಫೇಮಸ್. ಅಷ್ಟು ಗುಂಡಿನ ಸದ್ದಿನ ನಡುವೆ, ಪಕ್ಕದಲ್ಲಿ ಇನ್ನೂ ಹತ್ತು ಜನ ರೈಫಲ್ ಹಿಡಿದಿರುವಾಗ, ಆ ಕಥೆ ನಂಬೋದು ಕಷ್ಟ. ಗರಾಂಡ್‌ನ ನಿಜವಾದ ತೊಂದರೆ ಬೇರೆ: ಅರ್ಧ ಖಾಲಿಯಾದಾಗ ಮೇಲೆ ತುಂಬೋದು ಕಷ್ಟದ ಕೆಲಸ. ಅದಕ್ಕೇ ಎಷ್ಟೋ ಜನ ಉಳಿದ ಎರಡು ಮೂರು ಗುಂಡನ್ನ ಹಾರಿಸಿಬಿಟ್ಟು ಹೊಸ ಕ್ಲಿಪ್ ಹಾಕ್ತಿದ್ರು.

ಎರಡರಲ್ಲೂ ಬಿಸಾಡೋದು ಬರೀ ತಗಡು. ಎಕೆ, ಎಂ16, ನಮ್ಮ ಇನ್ಸಾಸ್ ಕಾಲಕ್ಕೆ ಬಂದಾಗ ಲೆಕ್ಕವೇ ಬದಲಾಯ್ತು. ಈಗ ಸೈನಿಕ ಕೈಯಲ್ಲಿ ಬದಲಾಯಿಸೋದು ಸ್ಪ್ರಿಂಗ್, ತಟ್ಟೆ, ತುಟಿ ಎಲ್ಲ ಇರೋ ಯಂತ್ರದ ಭಾಗವನ್ನೇ. ಆದ್ರೆ ಹಿಂದಿನಿಂದ ಬರೋ ಸಪ್ಲೈ ಮಾತ್ರ ಹಳೇ ತರವೇ. ಎಂ16ಗೆ ಗುಂಡು ಬರ್ತಿದ್ದದ್ದು ಬಟ್ಟೆಯ ಪಟ್ಟಿಗಳಲ್ಲಿ, 10 ಗುಂಡಿನ ತಗಡಿನ ಕ್ಲಿಪ್‌ಗಳಲ್ಲಿ. ಸೈನಿಕ ಕೂತು ತನ್ನ ಖಾಲಿ ಮ್ಯಾಗಜಿನ್‌ಗಳಿಗೆ ತುಂಬಿಕೊಳ್ಳಬೇಕು. ಮೊದಲ ಗಂಟೆಯಲ್ಲೇ ಖಾಲಿ ಮ್ಯಾಗಜಿನ್ ಎಲ್ಲ ಬಿಸಾಡಿದ್ದರೆ? ಪೆಟ್ಟಿಗೆ ತುಂಬಾ ಗುಂಡು ಮುಂದೆ ಇರುತ್ತೆ, ಹಾಕೋಕೆ ಜಾಗ ಇರಲ್ಲ.

ನಮ್ಮ ಭಾಷೆಯಲ್ಲಿ ಇದು ಕನೆಕ್ಷನ್ ಪೂಲ್. ಏಳೆಂಟು ಕನೆಕ್ಷನ್ ಅಷ್ಟೇ ಇದೆ. ತಗೊಂಡವನು ವಾಪಸ್ ಇಡದೇ ಹೋದ್ರೆ ಡೇಟಾಬೇಸ್ ಚೆನ್ನಾಗಿಯೇ ಇರುತ್ತೆ, ನಿಮ್ಮ ಸರ್ವಿಸ್ ಮಾತ್ರ ನಿಂತುಹೋಗುತ್ತೆ.

ಎರಡು ಬಗೆಯ ರೀಲೋಡ್

ಹಾಗಾದ್ರೆ ಸೈನಿಕರಿಗೆ ಏನು ಕಲಿಸ್ತಾರೆ? ಸ್ಥೂಲವಾಗಿ ಎರಡು ಸಂದರ್ಭ.

ಒಂದು, ತುರ್ತು. ಶತ್ರು ಎದುರಿಗಿದ್ದಾನೆ, ರೈಫಲ್ ಖಾಲಿ. ಇಲ್ಲಿ ವೇಗವೇ ಮುಖ್ಯ, ಹಳೇದು ಬಿದ್ರೆ ಬೀಳಲಿ. ಜೀವ ಉಳಿದ್ರೆ ಆಮೇಲೆ ಹುಡುಕಬಹುದು.

ಎರಡು, ಬಿಡುವು. ಗುಂಡಿನ ಚಕಮಕಿ ಒಂದು ನಿಮಿಷ ತಣ್ಣಗಾಗಿದೆ, ಮರೆಯಲ್ಲಿ ಇದ್ದೀರಿ, ಮ್ಯಾಗಜಿನ್‌ನಲ್ಲಿ ಎಷ್ಟು ಉಳಿದಿದೆ ಅಂತ ಖಾತ್ರಿ ಇಲ್ಲ. ಆಗ ಖಾಲಿಯಾಗೋವರೆಗೂ ಕಾಯಬಾರದು. ತುಂಬಿದ್ದನ್ನ ಹಾಕಿ, ಅರ್ಧ ಇರೋದನ್ನ ಇಟ್ಟುಕೊಳ್ಳಬೇಕು. ಹೊಸದು ಕೂತ ಮೇಲೆ ಒಮ್ಮೆ ಕೆಳಕ್ಕೆ ಎಳೆದು ನೋಡ್ತಾರೆ, ಲಾಕ್ ಆಗಿದೆಯಾ ಅಂತ. ಕತ್ತಲಲ್ಲಿ ಕಣ್ಣಿಗಿಂತ ಕೈ ನಂಬೋದೇ ವಾಸಿ.

ಅರ್ಧ ಇರೋದು ಎಲ್ಲಿ ಹೋಗಬೇಕು? ತುಂಬಿದವುಗಳ ಜೊತೆ ಬೆರೆತುಹೋದ್ರೆ ಅಪಾಯ. ಮುಂದಿನ ತುರ್ತಿನಲ್ಲಿ ಕೈಗೆ ಸಿಗೋದು ಮೂರೇ ಗುಂಡಿರೋ ಮ್ಯಾಗಜಿನ್ ಆಗಬಹುದು. ಅದಕ್ಕೆ ಸರಳ ಉಪಾಯಗಳಿವೆ. ತುಂಬಿದ್ದನ್ನ ಬಾಯಿ ಕೆಳಗೆ ಮಾಡಿ ಚೀಲದಲ್ಲಿ ಇಡೋದು, ಮಣ್ಣು ನೀರು ಬೀಳಲ್ಲ. ಬಳಸಿದ್ದನ್ನ ಬಾಯಿ ಮೇಲೆ ಮಾಡಿ ಇಡೋದು. ಬೆರಳು ಮುಟ್ಟಿದ ತಕ್ಷಣ ಯಾವುದು ಯಾವುದು ಅಂತ ಗೊತ್ತಾಗುತ್ತೆ. ಇನ್ನೊಂದು, ಸೊಂಟದ ಹತ್ತಿರ ಅಗಲ ಬಾಯಿಯ ಬಟ್ಟೆ ಚೀಲ. ನೋಡದೇ ಅದರೊಳಗೆ ತುರುಕಿದ್ರೆ ಆಯ್ತು. ಅದೂ ಇಲ್ಲ ಅಂದ್ರೆ ಅಂಗಿಯ ಎದೆಭಾಗವೇ ಚೀಲ.

ತೂಕದ ಲೆಕ್ಕವೂ ಇದೆ. ಎಂ16ರ 30 ಗುಂಡಿನ ಅಲ್ಯೂಮಿನಿಯಂ ಮ್ಯಾಗಜಿನ್ ಖಾಲಿ ಇದ್ದಾಗ ಸುಮಾರು 115 ಗ್ರಾಂ. ಎಕೆಯ ಉಕ್ಕಿನದು ಅದರ ಎರಡೂವರೆ, ಮೂರು ಪಟ್ಟು. ಹಗುರ ಇದ್ರೆ ಹೊರೋದು ಸುಲಭ, ಆದ್ರೆ ಬಿದ್ರೆ ತುಟಿ ಬಾಗುತ್ತೆ. ಉಕ್ಕು ಪೆಟ್ಟು ತಡೆಯುತ್ತೆ, ಬೆನ್ನು ತಡೆಯಬೇಕಲ್ಲ!

ಕಾರ್ಗಿಲ್ ಕಲಿಸಿದ ಪಾಠ

ಪುಣೆಯವರು ಇಲ್ಲಿ ಸ್ವಲ್ಪ ಗಮನ ಕೊಡಿ. ಇನ್ಸಾಸ್ ರೈಫಲ್ ವಿನ್ಯಾಸ ಆಗಿದ್ದು ನಿಮ್ಮ ಊರಲ್ಲೇ, ಡಿಆರ್‌ಡಿಒದ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಎಆರ್‌ಡಿಇಯಲ್ಲಿ. ಅದಕ್ಕೆ 20 ಗುಂಡಿನ, ಒಳಗಿನ ಗುಂಡು ಕಾಣಿಸೋ ಅರೆಪಾರದರ್ಶಕ ಪ್ಲಾಸ್ಟಿಕ್ ಮ್ಯಾಗಜಿನ್ ಕೊಟ್ರು. ಐಡಿಯಾ ಒಳ್ಳೇದೇ: ಹಗುರ, ತುಕ್ಕು ಹಿಡಿಯಲ್ಲ, ಎಷ್ಟು ಉಳಿದಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಆದ್ರೆ 1999ರಲ್ಲಿ ಕಾರ್ಗಿಲ್‌ನ 15,000 ಅಡಿ ಮೇಲಿನ ಚಳಿಯಲ್ಲಿ ಆ ಮ್ಯಾಗಜಿನ್‌ಗಳು ಬಿರುಕು ಬಿಡ್ತಿವೆ ಅನ್ನೋ ದೂರುಗಳು ಬಂದವು.

ಈಗ ಮೇಲೆ ಹೇಳಿದ ಲೆಕ್ಕ ಸೇರಿಸಿ ಯೋಚಿಸಿ. ಆ ಬೆಟ್ಟಗಳಿಗೆ ಪ್ರತಿಯೊಂದು ಗುಂಡನ್ನೂ ಮನುಷ್ಯರು ರಾತ್ರಿ ಹೊತ್ತು ಬೆನ್ನ ಮೇಲೆ ಹೊತ್ತು ತರಬೇಕು. ಇರೋದೇ ಕೆಲವು ಮ್ಯಾಗಜಿನ್. ಒಂದು ಬಂಡೆಗೆ ತಾಗಿ ಬಿರಿದ್ರೆ ಹೋಗೋದು 20 ಗುಂಡು ಮಾತ್ರ ಅಲ್ಲ, ಮುಂದೆ ಬರೋ ಪ್ರತೀ ಸಪ್ಲೈಯಲ್ಲೂ ಆ 20 ಗುಂಡಿನ ಜಾಗ ಕಡಿಮೆ. ಶಿಸ್ತಿನಿಂದ ಖಾಲಿ ಮ್ಯಾಗಜಿನ್ ಎತ್ತಿಟ್ಟುಕೊಂಡ ಸೈನಿಕನಿಗೂ ಆ ಶಿಸ್ತು ಫಲ ಕೊಡಲ್ಲ.

ತಪ್ಪು ಪ್ಲಾಸ್ಟಿಕ್‌ದಲ್ಲ. ಇವತ್ತು ಜಗತ್ತಿನ ಅನೇಕ ಸೈನ್ಯಗಳು ಪಾಲಿಮರ್ ಮ್ಯಾಗಜಿನ್ ಬಳಸ್ತವೆ. ಎಲ್ಲಿ, ಯಾರ ಕೈಯಲ್ಲಿ, ಎಷ್ಟು ಚಳಿಯಲ್ಲಿ, ಎಷ್ಟು ಸಲ ಬಂಡೆಯ ಮೇಲೆ ಬಿದ್ದು ಮತ್ತೆ ಬಳಕೆಯಾಗಬೇಕು ಅನ್ನೋದನ್ನ ಮೊದಲೇ ಕೇಳಿ ಪರೀಕ್ಷೆ ಮಾಡಬೇಕು. ರೈಫಲ್ ಟೆಸ್ಟ್ ಮಾಡುವಾಗ ಎಲ್ಲರ ಕಣ್ಣೂ ನಳಿಗೆ ಮೇಲೆ, ಗುರಿಯ ಮೇಲೆ ಇರುತ್ತೆ. ಹತ್ತು ಸಲ ಕೆಸರಿಗೆ ಬಿದ್ದು, ಚೀಲಕ್ಕೆ ಸೇರಿ, ರಾತ್ರಿ ಮರಗಟ್ಟಿದ ಬೆರಳುಗಳಿಂದ ಮತ್ತೆ ತುಂಬಿಸಿಕೊಂಡ ಮ್ಯಾಗಜಿನ್ ಹನ್ನೊಂದನೇ ಸಲವೂ ಗುಂಡು ಕೊಡುತ್ತಾ ಅನ್ನೋದನ್ನೂ ಅಷ್ಟೇ ಗಂಭೀರವಾಗಿ ನೋಡಬೇಕು.

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಸೇನೆಯಿಂದ ನಿವೃತ್ತರಾದವರು ಇದ್ರೆ, ಊರಿಗೆ ಹೋದಾಗ ಕೇಳಿ ನೋಡಿ: 'ಖಾಲಿ ಮ್ಯಾಗಜಿನ್ ಎಲ್ಲಿ ಇಡ್ತಿದ್ರಿ?' ಅಂತ. ಪಾಕಿಸ್ತಾನ, ಚೀನಾ ಬಗ್ಗೆ ಕೇಳೋದಕ್ಕಿಂತ ಒಳ್ಳೆ ಮಾತುಕತೆ ಶುರುವಾಗುತ್ತೆ. ಅವರು ಏನು ಹೇಳಿದ್ರು ಅಂತ ನಮಗೂ ತಿಳಿಸಿ.