ಹಳೆಯ ವಸ್ತುಗಳಿಗೆ ಮರುಹುಟ್ಟು: ಮನೆಯೊಳಗಿನ ಪುಟ್ಟ ಕಾರ್ಯಾಗಾರ

ಪುಣೆ ನಗರದ ದಕ್ಷಿಣದ ಅಂಚಿನಲ್ಲಿರುವ ಕಾತ್ರಜಕ್ಕೆ ನೆಲೆಸಲು ಬರುವ ಕನ್ನಡಿಗರ ಕಿವಿಗೆ ಬೇಗನೆ ಬೀಳುವ ಮರಾಠಿ ಶಬ್ದಗಳಲ್ಲಿ ‘ಭಂಗಾರ’ ಒಂದು. ಕೈಗಾಡಿ ತಳ್ಳುತ್ತ ಬೀದಿಯಲ್ಲಿ ಸಾಗುವ ವ್ಯಾಪಾರಿಯ ಕೂಗು ನಮಗೆ ‘ಬಂಗಾರ’ವೆಂದೇ ಕೇಳಿಸುವುದು ಸಹಜ. ಆದರೆ ಆತ ಕೊಳ್ಳಲು ಬಂದಿರುವುದು ನಾವು ಗುಜರಿ ಎಂದು ಕರೆಯುವ ತುಕ್ಕು ಹಿಡಿದ ಕಬ್ಬಿಣವನ್ನು, ಒಡೆದ ಪ್ಲಾಸ್ಟಿಕ್ಕನ್ನು, ಕೆಟ್ಟು ಮೂಲೆ ಸೇರಿದ ಫ್ಯಾನು, ಮಿಕ್ಸಿಗಳನ್ನು. ಆತನ ಗಾಡಿಗೆ ಹಾಕುವ ಮುನ್ನ ಪ್ರತಿಯೊಂದು ವಸ್ತುವನ್ನೂ ಕುರಿತು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇದರಲ್ಲಿ ನಿಜವಾಗಿ ಕೆಟ್ಟಿರುವ ಭಾಗ ಯಾವುದು? ಬಹುತೇಕ ಸಂದರ್ಭಗಳಲ್ಲಿ ಕೆಟ್ಟಿರುವುದು ಒಂದೇ ಒಂದು ಸಣ್ಣ ಬಿಡಿಭಾಗ. ಉಳಿದುದೆಲ್ಲ ಸುಸ್ಥಿತಿಯಲ್ಲಿಯೇ ಇರುತ್ತದೆ. ಈ ಪ್ರಶ್ನೆಗೆ ಉತ್ತರ ಹುಡುಕುವ ಸ್ಥಳವನ್ನೇ ಮನೆಯ ಕಾರ್ಯಾಗಾರ ಎನ್ನಬಹುದು.

ಕಾತ್ರಜಕ್ಕೆ ಈ ವಿಷಯದಲ್ಲಿ ಹಳೆಯದೊಂದು ಪಾಠವಿದೆ. 18ನೆಯ ಶತಮಾನದ ಮಧ್ಯಭಾಗದಲ್ಲಿ ನಾನಾಸಾಹೇಬ ಪೇಶ್ವೆಯವರ ಕಾಲದಲ್ಲಿ ಇಲ್ಲಿನ ಕೆರೆಯ ನೀರನ್ನು ನೆಲದಡಿಯ ಕಾಲುವೆಯ ಮೂಲಕ, ಕೇವಲ ಇಳಿಜಾರಿನ ಬಲದಿಂದ, ಶನಿವಾರವಾಡೆಯವರೆಗೆ ಹರಿಸಲಾಯಿತು. ಆ ಕಾಲುವೆ ಮನುಷ್ಯನು ಒಳಗೆ ನಡೆದು ಹೋಗಬಲ್ಲಷ್ಟು ಎತ್ತರವಾಗಿದ್ದು, ದಾರಿಯುದ್ದಕ್ಕೂ ಗಾಳಿಗಂಡಿಗಳನ್ನು ಹೊಂದಿತ್ತು. ಒಳಗಿಳಿದು ನೋಡಲು, ಕೆಟ್ಟುದನ್ನು ಸರಿಪಡಿಸಲು ಅವಕಾಶವಿರುವಂತೆಯೇ ಅದನ್ನು ಕಟ್ಟಲಾಗಿತ್ತು. ಇಂದು ನಾವು ಕೊಳ್ಳುವ ಅನೇಕ ಉಪಕರಣಗಳಿಗೆ ತಿರುಪು ಮೊಳೆಯೇ ಇರುವುದಿಲ್ಲ. ಅಂಟಿನಿಂದ ಮುಚ್ಚಿದ ಆ ಪೆಟ್ಟಿಗೆಗಳನ್ನು ಒಡೆಯದೆ ತೆರೆಯಲಾಗದು. ಇದನ್ನು ಪ್ರಗತಿಯೆಂದು ಒಪ್ಪಿಕೊಳ್ಳುವುದು ಕಷ್ಟ.

ಎಸೆದ ವಸ್ತುವಿನಲ್ಲಿ ಸತ್ವ ಕಾಣುವ ಕೆಲಸಕ್ಕೆ ಪುಣೆಯಲ್ಲಿಯೇ ಹೆಸರಾಂತ ಉದಾಹರಣೆಯಿದೆ. ಕಾನಪುರದ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿದ ಶ್ರೀ ಅರವಿಂದ ಗುಪ್ತಾ ಅವರು ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ಉದ್ಯೋಗಿಯಾಗಿದ್ದರು. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದ ಸಂಪರ್ಕಕ್ಕೆ ಬಂದ ಮೇಲೆ ಅವರ ಗಮನ ಲಾರಿಗಳಿಂದ ಮಕ್ಕಳ ಆಟಿಕೆಗಳತ್ತ ತಿರುಗಿತು. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಣುಕುಗಳಿಂದ ಜೋಡಿಸುವ ಅವರ ವಿಧಾನ ದೇಶದ ಅಸಂಖ್ಯ ಶಾಲೆಗಳನ್ನು ತಲುಪಿತು. ನಾಲ್ಕು ಕಡ್ಡಿಗಳ ಚೌಕವನ್ನು ಒತ್ತಿದರೆ ಅದು ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನ ವಾಲುವುದಿಲ್ಲ. ಸೇತುವೆಯ ಉಕ್ಕಿನ ಚೌಕಟ್ಟಿನಲ್ಲಿ ತ್ರಿಕೋನಗಳೇ ಏಕೆ ತುಂಬಿವೆ ಎಂಬುದು ಮಗುವಿಗೆ ಹೀಗೆ ಬೆರಳ ತುದಿಯಲ್ಲಿ ಅರ್ಥವಾಗುತ್ತದೆ. ಪುಣೆಯ ಖಗೋಳವಿಜ್ಞಾನ ಕೇಂದ್ರವಾದ ‘ಅಯುಕಾ’ದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅವರು 2014ರವರೆಗೆ ಸುಮಾರು ಒಂದು ದಶಕ ಕೆಲಸ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಅಂತಹ ಪ್ರಯೋಗಗಳಲ್ಲಿ ಒಂದು, ಗುಜರಿಯಿಂದಲೇ ಮಾಡಬಹುದಾದ ವಿದ್ಯುತ್ ಮೋಟಾರು. ಹಳೆಯ ಸ್ಪೀಕರಿನ ಅಯಸ್ಕಾಂತ, ಸುಟ್ಟ ಮೋಟಾರಿನಿಂದ ಬಿಚ್ಚಿದ ಎನಾಮಲ್ ಲೇಪಿತ ತಾಮ್ರದ ತಂತಿ, ಎರಡು ಸೇಫ್ಟಿ ಪಿನ್ನು, ಒಂದು ಟಾರ್ಚ್ ಸೆಲ್ಲು ಇದ್ದರೆ ಸಾಕು. ತಂತಿಯನ್ನು ಹತ್ತಾರು ಸುತ್ತುಗಳ ಸುರುಳಿ ಮಾಡಿ, ಎರಡು ತುದಿಗಳನ್ನು ಇಕ್ಕೆಲಗಳಲ್ಲಿ ಚಾಚಿ, ಪಿನ್ನುಗಳ ಕಣ್ಣಿನಲ್ಲಿ ಕೂರಿಸಬೇಕು. ಗುಟ್ಟು ಇರುವುದು ಲೇಪವನ್ನು ಕೆರೆಯುವುದರಲ್ಲಿ. ಒಂದು ತುದಿಯನ್ನು ಸುತ್ತಲೂ ಕೆರೆಯಬೇಕು. ಇನ್ನೊಂದನ್ನು ಒಂದು ಮಗ್ಗುಲಿಗೆ ಮಾತ್ರ. ಎರಡನ್ನೂ ಪೂರ್ಣವಾಗಿ ಕೆರೆದರೆ ಸುರುಳಿ ಅರ್ಧ ಸುತ್ತಿನಲ್ಲಿ ಮುಂದಕ್ಕೂ ಮತ್ತರ್ಧದಲ್ಲಿ ಹಿಂದಕ್ಕೂ ತಳ್ಳಲ್ಪಟ್ಟು ತೂಗಾಡಿ ನಿಂತುಬಿಡುತ್ತದೆ. ಅರ್ಧ ಕೆರೆದಾಗ ಹಿಂದಕ್ಕೆ ತಳ್ಳುವ ಅವಧಿಯಲ್ಲಿ ವಿದ್ಯುತ್ತು ಕಡಿದುಹೋಗುತ್ತದೆ. ಪಡೆದ ವೇಗದಿಂದಲೇ ಸುರುಳಿ ಆ ಹಾದಿಯನ್ನು ದಾಟುತ್ತದೆ.

ಇದೇ ತಿಳಿವು ದೊಡ್ಡ ಉಪಕರಣಗಳಿಗೂ ಅನ್ವಯಿಸುತ್ತದೆ. ಮಿಕ್ಸಿಯ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸುವುದು ಎರಡು ಸಣ್ಣ ಕಾರ್ಬನ್ ಬ್ರಷ್‌ಗಳು. ಇವು ಸವೆಯಲೆಂದೇ ಇರುವಂಥವು. ಒಳಗೆ ಕಿಡಿ ಹೆಚ್ಚಾಗಿ, ಯಂತ್ರ ತಡೆತಡೆದು ಓಡತೊಡಗಿದರೆ ಮೊದಲು ನೋಡಬೇಕಾದದ್ದು ಇವನ್ನೇ. ಬದಲಿಸುವಾಗ ಜೋಡಿಯಾಗಿಯೇ ಬದಲಿಸಬೇಕು. ಇನ್ನು, ಹೊರೆ ಹೆಚ್ಚಾಗಿ ಮಿಕ್ಸಿ ಥಟ್ಟನೆ ನಿಂತರೆ ಅದು ಕೆಟ್ಟಿತೆಂದು ಭಾವಿಸಬಾರದು. ಹಲವು ಮಿಕ್ಸಿಗಳ ತಳಭಾಗದಲ್ಲಿ ಒಂದು ಸುರಕ್ಷಾ ಗುಂಡಿ ಇರುತ್ತದೆ. ಪ್ಲಗ್ ತೆಗೆದು, ಯಂತ್ರ ತಣ್ಣಗಾದ ಮೇಲೆ ಅದನ್ನು ಒತ್ತಿದರೆ ಸಾಕು. ಇಷ್ಟಕ್ಕಾಗಿಯೇ ದುರಸ್ತಿ ಅಂಗಡಿಯ ಮೆಟ್ಟಿಲು ಹತ್ತುವ ಮಿಕ್ಸಿಗಳು ಕಡಮೆಯೇನಲ್ಲ.

ಛಾವಣಿಯ ಫ್ಯಾನು ನಿಧಾನವಾಗಿ ತಿರುಗುತ್ತಿದ್ದರೆ, ಅಥವಾ ಕೋಲಿನಿಂದ ತಳ್ಳಿದ ಮೇಲಷ್ಟೇ ಹೊರಡುತ್ತಿದ್ದರೆ, ದೋಷ ಹೆಚ್ಚಾಗಿ ಕೆಪಾಸಿಟರ್‌ನದು. ಮನೆಗೆ ಬರುವ ವಿದ್ಯುತ್ತು ತಾನಾಗಿಯೇ ಮೋಟಾರಿಗೆ ದಿಕ್ಕು ಕೊಡಲಾರದು. ಎರಡನೆಯ ಸುರುಳಿಯ ವಿದ್ಯುತ್ತಿನ ಏರಿಳಿತವನ್ನು ತುಸು ಮುಂದುಮಾಡಿ, ತಿರುಗುವ ಕಾಂತಕ್ಷೇತ್ರವನ್ನು ಉಂಟುಮಾಡುವುದು ಕೆಪಾಸಿಟರ್. ವರ್ಷಗಳು ಕಳೆದಂತೆ ಅದರ ಸಾಮರ್ಥ್ಯ ಕುಗ್ಗುತ್ತದೆ. ಸಾಮಾನ್ಯ ಫ್ಯಾನುಗಳಲ್ಲಿ ಅದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದು ಮುದ್ರಿಸಿರುತ್ತದೆ. ಅದೇ ಅಳತೆಯದನ್ನೇ ಹಾಕಬೇಕು. ವೇಗ ಹೆಚ್ಚಲೆಂದು ದೊಡ್ಡದನ್ನು ಹಾಕಿದರೆ ಸುರುಳಿ ಕಾಯುತ್ತದೆ. ಸ್ವಿಚ್ಚನ್ನಷ್ಟೇ ನಂಬದೆ ಮುಖ್ಯ ಸ್ವಿಚ್ಚನ್ನೇ ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿ, ಹಳೆಯ ಕೆಪಾಸಿಟರ್‌ನಲ್ಲಿ ಉಳಿದಿರಬಹುದಾದ ವಿದ್ಯುತ್ತನ್ನು ಹಿಡಿಗೆ ಪ್ಲಾಸ್ಟಿಕ್ ಕವಚವಿರುವ ಸ್ಕ್ರೂಡ್ರೈವರಿನಿಂದ ಎರಡೂ ತುದಿ ಮುಟ್ಟಿಸಿ ಕಳೆದು, ಅನಂತರವೇ ಕೈಹಾಕಬೇಕು. ಬ್ಲೇಡುಗಳು ಕೈಯಿಂದ ತಿರುಗಿಸಿದಾಗಲೂ ಬಿಗಿಯಾಗಿದ್ದರೆ ದೋಷ ಬೇರಿಂಗಿನದು. ಈಚಿನ ಬಿಎಲ್‌ಡಿಸಿ ಫ್ಯಾನುಗಳ ರಚನೆ ಬೇರೆ. ಅವಕ್ಕೆ ಈ ವಿಧಾನ ಸಲ್ಲದು.

ಕಾರ್ಯಾಗಾರಕ್ಕೆ ಬೇಕಾದ ಜಾಗ ಅಲ್ಪ. ಕಾತ್ರಜದ ಬಹುಮಹಡಿ ಕಟ್ಟಡಗಳ ಬಾಲ್ಕನಿಯೊಂದರ ಮೂಲೆಯೂ ಸಾಕು. ಸ್ಕ್ರೂಡ್ರೈವರುಗಳು, ಇಕ್ಕಳ, ಗರಗಸ, ಅರ, ಟೆಸ್ಟರು, ಮಲ್ಟಿಮೀಟರು, ಬೆಸುಗೆ ಕಡ್ಡಿ – ಇವಿಷ್ಟರಿಂದ ಪ್ರಾರಂಭಿಸಬಹುದು. ಪುಣೆಯ ಜುನಾ ಬಾಜಾರಿನಲ್ಲಿ ಬುಧವಾರ ಮತ್ತು ಭಾನುವಾರಗಳಂದು ಹಳೆಯ ಉಪಕರಣಗಳು ದೊರೆಯುತ್ತವೆ. ಕೂಡಿಡಬೇಕಾದುವೆಂದರೆ ತಿರುಪು ಮೊಳೆ, ಸ್ಪ್ರಿಂಗು, ಅಯಸ್ಕಾಂತ, ಹಳೆಯ ಟೇಪ್‌ರೆಕಾರ್ಡರಿನ ಸಣ್ಣ ಮೋಟಾರು, ಸೈಕಲ್ ಟ್ಯೂಬು. ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಮಕ್ಕಳು ಗಾಡಿಯ ಚಕ್ರ ಮಾಡುವುದನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರಾರು? ಆದರೆ ಕೂಡಿಡುವುದಕ್ಕೂ ಮಿತಿ ಬೇಕು. ಒಂದು ಪೆಟ್ಟಿಗೆ ತುಂಬಿದ ಮೇಲೆ ಹೊಸದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲೇಬೇಕು. ಇಲ್ಲವಾದರೆ ಕಾರ್ಯಾಗಾರವೇ ಗುಜರಿ ಅಂಗಡಿಯಾಗಿ, ಮನೆಯವರ ಅಸಮಾಧಾನಕ್ಕೆ ಕಾರಣವಾಗುತ್ತದೆ.

ಕೈಹಾಕಬಾರದ ವಸ್ತುಗಳೂ ಇವೆ. ಮೈಕ್ರೋವೇವ್ ಒಲೆಯ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಪ್ರಾಣಾಪಾಯ ಉಂಟುಮಾಡಬಲ್ಲದು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಟ್ಯೂಬ್‌ಲೈಟು ಮತ್ತು ಸಿಎಫ್‌ಎಲ್ ಬಲ್ಬುಗಳಲ್ಲಿ ಪಾದರಸವಿದೆ. ತಾಮ್ರಕ್ಕಾಗಿ ಕೇಬಲ್ ಸುಡುವುದು ಅತ್ಯಂತ ಹಾನಿಕರ. ಪ್ಲಾಸ್ಟಿಕ್ ಹೊದಿಕೆಯಿಂದ ಹೊರಡುವ ಹೊಗೆ ವಿಷಮಯ. ಪ್ರೆಶರ್ ಕುಕ್ಕರಿನ ಸುರಕ್ಷಾ ಕವಾಟವೂ ಈ ಪಟ್ಟಿಗೇ ಸೇರತಕ್ಕದ್ದು. ಅದರೊಳಗಿನ ಮಿಶ್ರಲೋಹ ನಿಗದಿತ ಉಷ್ಣತೆಯಲ್ಲಿ ಕರಗಿ ಹಬೆಗೆ ದಾರಿ ಬಿಡುತ್ತದೆ. ಆ ರಂಧ್ರಕ್ಕೆ ಸಿಕ್ಕಿದ ತುಣುಕನ್ನು ತುರುಕುವುದೆಂದರೆ ಅಡುಗೆಮನೆಯಲ್ಲಿ ಸಿಡಿಮದ್ದು ಇಟ್ಟಂತೆ. ಅಲ್ಲಿ ತಯಾರಕರ ಬಿಡಿಭಾಗವನ್ನಲ್ಲದೆ ಮತ್ತೇನನ್ನೂ ಬಳಸಬಾರದು.

ದುರಸ್ತಿಯಾಗದ ವಿದ್ಯುನ್ಮಾನ ಉಪಕರಣಗಳ ವಿಲೇವಾರಿಗಾಗಿ 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ನೋಂದಾಯಿತ ಮರುಬಳಕೆ ಘಟಕಗಳ ಮೂಲಕ ಅವುಗಳ ವಿಲೇವಾರಿಗೆ ತಯಾರಕರೇ ಹೊಣೆಗಾರರು. ಹಳೆಯ ಬ್ಯಾಟರಿಗಳನ್ನು ಇತರ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವುದು ಬಳಕೆದಾರರ ಕರ್ತವ್ಯ.

ಪುಣೆಯಲ್ಲಿ ಮನೆಮನೆಯ ಕಸವನ್ನು ಸಂಗ್ರಹಿಸುವವರಲ್ಲಿ ಬಹುಪಾಲು ಮಹಿಳೆಯರು. 1993ರಲ್ಲಿ ಕಾಗದ-ಕಾಚ-ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಹೆಸರಿನಲ್ಲಿ ಸಂಘಟಿತರಾದ ಚಿಂದಿ ಆಯುವವರು ಮುಂದೆ ‘ಸ್ವಚ್ಛ’ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡರು. ಮರುಬಳಕೆಯ ವಸ್ತುಗಳ ಮಾರಾಟದಿಂದಲೂ ಅವರ ಸಂಸಾರ ನಡೆಯುತ್ತದೆ. ಆದುದರಿಂದ ಕಾರ್ಯಾಗಾರದಲ್ಲಿ ಉಪಯೋಗಕ್ಕೆ ಬಾರದ ಲೋಹ, ಕಾಗದ, ಪ್ಲಾಸ್ಟಿಕ್ಕುಗಳನ್ನು ಒಣದಾಗಿ, ಬೇರ್ಪಡಿಸಿ ಅವರಿಗೆ ಕೊಡಬೇಕು. ಒಡೆದ ಗಾಜನ್ನೂ ಬ್ಲೇಡನ್ನೂ ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಗುರುತು ಹಾಕಿ ಕೊಡಬೇಕು. ಅವರ ಕೈಗೆ ಆಗುವ ಒಂದು ಗಾಯ ಹಲವು ದಿನಗಳ ಗಳಿಕೆಯನ್ನು ಕಸಿಯಬಲ್ಲದು.

ದುರಸ್ತಿಯನ್ನು ಗ್ರಾಹಕರ ಹಕ್ಕಾಗಿ ನೋಡುವ ಮನೋಭಾವ ಈಗ ಬೆಳೆಯುತ್ತಿದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ‘ರಿಪೇರಿ ಕೆಫೆ’ ನಡೆಯಿತು. ಬಲ್ಲವರು ಸ್ವಯಂಸೇವಕರಾಗಿ ನೆರೆಯವರ ವಸ್ತುಗಳನ್ನು ಅವರ ಜತೆಗೇ ಕುಳಿತು ಸರಿಪಡಿಸುವ ಏರ್ಪಾಡು ಅದು. 2015ರಲ್ಲಿ ಬೆಂಗಳೂರಿನಲ್ಲಿಯೂ ಇಂತಹ ಪ್ರಯತ್ನ ಪ್ರಾರಂಭವಾಯಿತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ತೆರೆದಿದ್ದು, ಬಿಡಿಭಾಗ, ಖಾತರಿ ಮತ್ತು ಸೇವಾಕೇಂದ್ರಗಳ ಬಗ್ಗೆ ತಯಾರಕರು ನೀಡುವ ಮಾಹಿತಿ ಅಲ್ಲಿ ದೊರೆಯುತ್ತದೆ. ಖಾತರಿಯ ಅವಧಿ ಮುಗಿಯದ ಉಪಕರಣವನ್ನು ತೆರೆಯುವ ಮೊದಲು ಅದರ ಷರತ್ತುಗಳನ್ನು ಓದಿಕೊಳ್ಳುವುದು ಒಳ್ಳೆಯದು. ಹೊಸದನ್ನು ಕೊಳ್ಳುವಾಗಲಂತೂ ಅಂಗಡಿಯವರನ್ನು ಬೆಲೆಯ ಜೊತೆಗೆ ಮತ್ತೊಂದು ಮಾತು ಕೇಳಬಹುದು: ಇದರ ಬಿಡಿಭಾಗಗಳು ಎಲ್ಲಿ ಸಿಗುತ್ತವೆ, ಎಷ್ಟು ವರ್ಷಗಳವರೆಗೆ ಸಿಗುತ್ತವೆ?