ಬೆರಳಿಗೆ ಅರಿವಳಿಕೆ: ಒಂದು ನಿಷೇಧದ ಕಥೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರದ ಕೈಗಾರಿಕಾ ವಸಾಹತಿನಿಂದ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಗಳ ಕಡೆಗೆ ನಡೆದರೆ, ಓಣಿಓಣಿಗಳಲ್ಲಿ ಲೇತು ಮತ್ತು ಪವರ್ ಪ್ರೆಸ್ಸುಗಳ ಸದ್ದು ಕೇಳಿಬರುವುದು. ತಗಡನ್ನು ಅಚ್ಚಿನ ಕೆಳಗಿಟ್ಟು ಪೆಡಲನ್ನು ತುಳಿದರೆ ಪ್ರೆಸ್ಸು ಒಮ್ಮೆ ಬಡಿಯುವುದು. ಕೈಯನ್ನು ಹಿಂದೆಗೆಯಲು ಕ್ಷಣಮಾತ್ರ ತಡವಾದರೂ ತಗಡಿನೊಡನೆ ಬೆರಳೂ ಸಿಕ್ಕಿಕೊಳ್ಳುವುದು. ಕಾರ್ಮಿಕರ ವಿಮೆಗಾಗಿ ೧೯೪೮ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯ ದೊಡ್ಡ ಆಸ್ಪತ್ರೆಯೊಂದು ರಾಜಾಜಿನಗರದಲ್ಲಿಯೇ ಇರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಇಂತಹ ಕೆಲಸಗಾರನೊಬ್ಬನ ತೋರುಬೆರಳನ್ನು ಮಡಿಸುವ ಸ್ನಾಯುರಜ್ಜು ತುಂಡಾಗಿದೆಯೆಂದು ಇಟ್ಟುಕೊಳ್ಳೋಣ. ಅದನ್ನು ಹೊಲಿಯುವ ವೈದ್ಯನಿಗೆ ಮೊದಲು ಎರಡು ಅನುಕೂಲಗಳು ಬೇಕು. ರೋಗಿಗೆ ನೋವು ತಿಳಿಯಬಾರದು. ಕೂದಲೆಳೆಯಂತಹ ನರ ಮತ್ತು ರಕ್ತನಾಳಗಳು ಕಣ್ಣಿಗೆ ಕಾಣುವಂತೆ ಗಾಯದಲ್ಲಿ ರಕ್ತ ತುಂಬಬಾರದು. ಮೂರನೆಯದೊಂದುಂಟು. ಹೊಲಿಗೆ ಸರಿಯಾಗಿದೆಯೇ ಎಂದು ನೋಡಲು ಆ ಬೆರಳು ಅಲ್ಲಿಯೇ, ರೋಗಿಯ ಇಚ್ಛೆಯಿಂದಲೇ, ಮಡಿಚಿಕೊಳ್ಳುವಂತಿದ್ದರೆ ಎಷ್ಟು ಚೆನ್ನ! ಈ ಮೂರೂ ಒಟ್ಟಿಗೆ ದೊರೆಯುವ ದಾರಿಗೆ ಅಡ್ಡವಾಗಿ ಬಹುಕಾಲ ನಿಂತಿದ್ದುದು ಪಠ್ಯಪುಸ್ತಕದ ಒಂದು ನಿಷೇಧ.

ನೋವು ಎಂಬುದು ಬೆರಳಿನಿಂದ ಬೆನ್ನುಹುರಿಯ ಮೂಲಕ ಮಿದುಳಿಗೆ ಸಾಗುವ ಸುದ್ದಿ. ಅದನ್ನು ಒಯ್ಯುವ ತಂತುಗಳು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸುದ್ದಿಯ ವೇಗ ಸೆಕೆಂಡಿಗೆ ೫ರಿಂದ ೩೦ ಮೀಟರ್. ಇನ್ನೊಂದರಲ್ಲಿ ೨ ಮೀಟರಿಗಿಂತ ಕಡಮೆ. ಕಾಲ್ಬೆರಳು ಹೊಸಲಿಗೆ ತಗುಲಿದಾಗ ಮೊದಲು ಚುರುಕ್ಕೆಂದು, ಅರೆಗಳಿಗೆಯ ಮೇಲೆ ಮಂದವಾಗಿ ನೋವೇಳುವುದನ್ನು ಎಲ್ಲರೂ ಅನುಭವಿಸಿದ್ದಾರೆ. ಇದು ತಂತಿಯಲ್ಲಿ ಹರಿಯುವ ವಿದ್ಯುತ್ತಿನಂತಲ್ಲ. ತಂತುವಿನ ಪೊರೆಯಲ್ಲಿರುವ ಸಣ್ಣ ಬಾಗಿಲುಗಳು ಒಂದರ ನಂತರ ಒಂದರಂತೆ ತೆರೆದು, ಸೋಡಿಯಂ ಅಯಾನುಗಳನ್ನು ಒಳಗೆ ಬಿಡುತ್ತ ಹೋಗುವುದರಿಂದ ಉಂಟಾಗುವ ಅಲೆ. ಲಿಗ್ನೊಕೇನ್ ಮುಂತಾದ ಅರಿವಳಿಕೆ ಮದ್ದುಗಳು ಈ ಬಾಗಿಲುಗಳಿಗೆ ಅಗುಳಿ ಹಾಕುತ್ತವೆ. ಅಲೆ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕೆ ನಾಂದಿಯಾದುದು ೧೮೮೪. ಆ ವರ್ಷ ವಿಯೆನ್ನಾದ ಕಾರ್ಲ್ ಕೋಲರ್ ಕಣ್ಣಿಗೆ ಕೊಕೇನ್ ದ್ರಾವಣದ ಹನಿ ಹಾಕಿ ನೋವಿಲ್ಲದಂತೆ ಮಾಡಬಹುದೆಂದು ತೋರಿಸಿದನು. ಸ್ವಲ್ಪ ಕಾಲದಲ್ಲಿಯೇ ಅಮೆರಿಕದ ಹಾಲ್‌ಸ್ಟೆಡ್ ಕುತ್ತಿಗೆಯಿಂದ ತೋಳಿಗಿಳಿಯುವ ನರಗಳ ಗೊಂಚಲಿಗೇ ಅದನ್ನು ಕೊಟ್ಟು ಇಡೀ ತೋಳಿನ ಅರಿವನ್ನು ಅಡಗಿಸಿದನು. ಈ ಪ್ರಯೋಗಗಳಿಂದಲೇ ಅವನು ಕೊಕೇನಿನ ದಾಸನಾದದ್ದು ವಿಜ್ಞಾನದ ಇತಿಹಾಸದ ದುಃಖದ ಪುಟಗಳಲ್ಲೊಂದು. ಇಂದು ಶ್ರವಣಾತೀತ ಧ್ವನಿಯ ನೆರವಿನಿಂದ ಆ ನರಗಳನ್ನು ಪರದೆಯ ಮೇಲೆ ನೋಡುತ್ತಲೇ ಸೂಜಿಯನ್ನು ನಡೆಸುತ್ತಾರೆ. ದೇಹದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೧೫೪೦ ಮೀಟರ್. ಕಂಪನಾಂಕ ಸೆಕೆಂಡಿಗೆ ಒಂದು ಕೋಟಿಯಾದರೆ ಅಲೆಯ ಉದ್ದವೆಷ್ಟೆಂದು ವಿದ್ಯಾರ್ಥಿಗಳು ಭಾಗಿಸಿ ನೋಡಲಿ. ಒಂದು ಮಿಲಿಮೀಟರಿನ ಆರನೆಯ ಒಂದು ಪಾಲಿಗೂ ಕಡಮೆ! ನರಗಳು ಬೇರೆಬೇರೆಯಾಗಿ ಕಾಣುವುದು ಇದರಿಂದ.

ತೋಳೆಲ್ಲ ಜಜ್ಜಿಹೋದ ಗಾಯಗಳಿಗೆ ಇದೇ ಉತ್ತಮ ಮಾರ್ಗ. ಆದರೆ ನಮ್ಮ ಕೆಲಸಗಾರನ ಒಂದು ಬೆರಳಿಗೆ? ಇಡೀ ತೋಳು ಗಂಟೆಗಟ್ಟಲೆ ಮರದ ಕೊರಡಾಗುವುದು. ಮಡಿಚೆಂದರೆ ಬೆರಳು ಮಡಿಚದು. ರಕ್ತವನ್ನು ತಡೆಯಲು ಕಟ್ಟುವ ಗಾಳಿಪಟ್ಟಿಯದು ಬೇರೆ ತೊಂದರೆ. ರಕ್ತದೊತ್ತಡ ನೋಡುವ ಪಟ್ಟಿಯಂತೆಯೇ ಇರುವ ಇದನ್ನು ೨೫೦ ಮಿಲಿಮೀಟರ್ ಪಾದರಸದಷ್ಟು, ಎಂದರೆ ಆರೋಗ್ಯವಂತನ ರಕ್ತದೊತ್ತಡದ ಎರಡು ಪಟ್ಟು, ಬಿಗಿಯುವರು. ಬೆರಳಿಗೆ ಮಾತ್ರ ಮದ್ದು ಕೊಟ್ಟಿದ್ದರೆ, ಗಾಯದ ನೋವಿಲ್ಲದ ರೋಗಿ ಅರ್ಧ ಗಂಟೆಯೊಳಗೆ ಪಟ್ಟಿಯ ನೋವಿಗೆ ಚಡಪಡಿಸತೊಡಗುವನು.

ಪಟ್ಟಿಯಿಲ್ಲದೆ ರಕ್ತವನ್ನು ತಡೆಯುವ ಉಪಾಯ ಹಳೆಯದೇ. ೧೯೦೩ರಲ್ಲಿ ಜರ್ಮನಿಯ ಹೈನ್ರಿಕ್ ಬ್ರೌನ್ ಅರಿವಳಿಕೆ ಮದ್ದಿನಲ್ಲಿ ಅತ್ಯಲ್ಪ ಅಡ್ರಿನಲಿನ್ ಬೆರೆಸಿದನು. ಅಡ್ರಿನಲಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದೆಂಬ ಪ್ವಾಸೇಯ ನಿಯಮವನ್ನು ಕಾಲೇಜಿನಲ್ಲಿ ಓದಿದವರು ಬಲ್ಲರು. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಾಗುವುದು. (ರಕ್ತವು ನೀರಿನಂತಹ ಸರಳ ದ್ರವವಲ್ಲ, ಆದರೂ ಅಂದಾಜಿಗೆ ಈ ಲೆಕ್ಕ ಸಾಕು.)

ಆದರೆ ಪಠ್ಯಪುಸ್ತಕಗಳು ಎಚ್ಚರಿಸಿದ್ದವು: ಬೆರಳಿಗೆ ಮಾತ್ರ ಅಡ್ರಿನಲಿನ್ ಕೂಡದು, ರಕ್ತವಿಲ್ಲದೆ ಬೆರಳು ಕೊಳೆತುಹೋಗುವುದು. ವೈದ್ಯ ವಿದ್ಯಾರ್ಥಿಗಳ ತಲೆಮಾರುಗಳು ಇದನ್ನು ಬಾಯಿಪಾಠ ಮಾಡಿದವು. ಬೆರಳುಗಳು ಕೊಳೆತ ಪ್ರಸಂಗಗಳು ನಿಜವಾಗಿಯೂ ನಡೆದಿದ್ದವೆಂಬುದನ್ನು ಮರೆಯಬಾರದು. ೨೦೦೧ರಲ್ಲಿ ಅಮೆರಿಕದ ವೈದ್ಯ ಡೆಂಕ್ಲರ್ ಹಳೆಯ ವರದಿಗಳನ್ನೆಲ್ಲ ಹುಡುಕಿ ೪೮ ಪ್ರಸಂಗಗಳನ್ನು ಲೆಕ್ಕಹಾಕಿದನು. ಅವುಗಳಲ್ಲಿ ಅಡ್ರಿನಲಿನ್ ಕೊಟ್ಟದ್ದು ೨೧ರಲ್ಲಿ ಮಾತ್ರ! ಬಹುಪಾಲು ೧೯೫೦ಕ್ಕಿಂತ ಹಿಂದಿನವು. ಸ್ವೀಡನ್ನಿನಲ್ಲಿ ೧೯೪೩ರಲ್ಲಿ ತಯಾರಾಗಿ, ೧೯೪೮ರಿಂದ ಬಳಕೆಗೆ ಬಂದ ಲಿಗ್ನೊಕೇನನ್ನು ಅಡ್ರಿನಲಿನ್ನಿನೊಡನೆ ಕೊಟ್ಟ ಪ್ರಸಂಗ ಒಂದೂ ಇರಲಿಲ್ಲ. ಸಂಶಯ ಹಳೆಯ ಮದ್ದಾದ ಪ್ರೊಕೇನಿನ ಮೇಲೆ ತಿರುಗಿತು. ಅದನ್ನು ಬಹುಕಾಲ ಇಟ್ಟರೆ ಆಮ್ಲೀಯವಾಗುವುದು, ಪಿ.ಎಚ್. ೧ರವರೆಗೂ ಇಳಿದ ದ್ರಾವಣಗಳಿದ್ದವು. ನಿಂಬೆಯ ರಸದ ಪಿ.ಎಚ್. ಸುಮಾರು ೨, ಈ ಅಳತೆಗೋಲಿನಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲತೆ ಹತ್ತು ಪಟ್ಟು ಏರಿತೆಂದು ಅರ್ಥ. ಅಂತಹ ದ್ರವವನ್ನು ಬೆರಳೊಳಗೆ ತುಂಬಿ, ಅಪರಾಧವನ್ನು ಪಕ್ಕದಲ್ಲಿದ್ದವನ ಮೇಲೆ ಹೊರಿಸಿದಂತಾಗಿತ್ತು.

ಸಂಶಯವಷ್ಟರಿಂದಲೇ ನಿಷೇಧವನ್ನು ತೆಗೆಯುವಂತಿಲ್ಲ. ರೋಗಿಯ ಬೆರಳು ಪಣಕ್ಕಿಡುವ ವಸ್ತುವಲ್ಲ. ಕೆನಡಾದ ಶಸ್ತ್ರವೈದ್ಯ ಡೊನಾಲ್ಡ್ ಲಲೋಂಡ್ ಮತ್ತು ಸಂಗಡಿಗರು ಮೊದಲು ಹಿಂದಿರುಗುವ ದಾರಿಯನ್ನು ಪರೀಕ್ಷಿಸಿದರು. ಸ್ವಯಂಸೇವಕರ ಮೂರು ಬೆರಳುಗಳಿಗೆ ಅಡ್ರಿನಲಿನ್ ಬೆರೆಸಿದ ಮದ್ದು ಕೊಟ್ಟು, ಒಂದು ಗಂಟೆಯ ಮೇಲೆ ಒಂದು ಬೆರಳಿಗೆ ಫೆಂಟೊಲಮಿನ್ ಎಂಬ ಪ್ರತಿಮದ್ದನ್ನೂ, ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನೂ ಕೊಟ್ಟರು. ಮೂರನೆಯದನ್ನು ಹಾಗೆಯೇ ಬಿಟ್ಟರು. ಒಬ್ಬನ ಬೆರಳನ್ನು ಅವನದೇ ಬೆರಳಿನೊಡನೆ ಹೋಲಿಸುವ ಈ ಏರ್ಪಾಟು ನಮ್ಮಂತಹ ಭೌತಶಾಸ್ತ್ರದವರಿಗೆ ಬಹಳ ಮೆಚ್ಚುಗೆಯಾಗುವಂಥದು. ಬಿಳಚಿಕೊಂಡ ಬೆರಳಿಗೆ ಬಣ್ಣ ಮರಳಲು ಪ್ರತಿಮದ್ದಿನಿಂದ ಸರಾಸರಿ ೮೫ ನಿಮಿಷ ಹಿಡಿಯಿತು. ಉಪ್ಪುನೀರು ಪಡೆದ ಬೆರಳಿಗೆ ಐದು ಗಂಟೆಗೂ ಮೇಲೆ. ಫಲಿತಾಂಶವನ್ನು ೨೦೦೩ರಲ್ಲಿ ಪ್ರಕಟಿಸಿದರು. ೨೦೦೦ದಿಂದ ೨೦೦೨ರವರೆಗೆ ಒಂಬತ್ತು ವೈದ್ಯರು ಆರು ಊರುಗಳಲ್ಲಿ, ಒಂದನ್ನೂ ಬಿಡದೆ ಸಾಲಾಗಿ ೩೧೧೦ ಪ್ರಸಂಗಗಳನ್ನು ದಾಖಲಿಸಿದ್ದರು. ಅಡ್ರಿನಲಿನ್ ಲಕ್ಷಕ್ಕೆ ಒಂದು ಪಾಲು ಅಥವಾ ಅದಕ್ಕೂ ಕಡಮೆ. ೨೦೦೫ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಕೊಳೆತ ಬೆರಳು ಒಂದೂ ಇಲ್ಲ. ಪ್ರತಿಮದ್ದು ಒಮ್ಮೆಯೂ ಬೇಕಾಗಲಿಲ್ಲ. ಮೊದಲೇ ಬೆರಳಿನ ರಕ್ತಸಂಚಾರ ಕೆಟ್ಟವರ ವಿಷಯದಲ್ಲಿ ವೈದ್ಯರು ಇಂದಿಗೂ ಹಿಂಜರಿಯುವರು, ಅದು ಸರಿಯೇ.

ಈಗ ವಾಚಕರು ಎಡಗೈಯಿಂದ ಬಲ ಮುಂಗೈಯ ಮೇಲ್ಭಾಗವನ್ನು, ಮೊಣಕೈಯ ಹತ್ತಿರ, ಹಿಡಿದು ಬಲಗೈಯ ಮುಷ್ಟಿ ಬಿಗಿಯಲಿ. ಉಬ್ಬುವ ಮಾಂಸಖಂಡಗಳು ಅಂಗೈಯಲ್ಲಲ್ಲ, ಅಲ್ಲಿವೆ! ಬೆರಳನ್ನು ಮಡಿಸುವ ಎಂಜಿನು ಮುಂಗೈಯಲ್ಲಿ. ಸ್ನಾಯುರಜ್ಜು ಅದರ ಹಗ್ಗ. ಆದ್ದರಿಂದ ಬೆರಳು ಮತ್ತು ಅಂಗೈಗಳಿಗೆ ಮಾತ್ರ ಮದ್ದು ಕೊಟ್ಟರೆ ನೋವು ಅಡಗುವುದು, ಎಂಜಿನು ನಡೆಯುತ್ತಿರುವುದು. ಹೊಲಿಗೆ ಮುಗಿದೊಡನೆ ವೈದ್ಯನು “ಬೆರಳು ಮಡಿಸಪ್ಪಾ” ಎನ್ನುವನು. ಎಚ್ಚರದಿಂದಿರುವ ರೋಗಿ ಮಡಿಸುವನು. ಎಳೆತ ಬಿದ್ದಾಗ ರಜ್ಜುವಿನ ತುದಿಗಳ ನಡುವೆ ಸಂದು ಬಿಟ್ಟರೆ, ಅಥವಾ ಗಂಟು ದಪ್ಪವಾಗಿ ದಾರಿಯಲ್ಲಿ ತಡೆದರೆ, ಚರ್ಮವನ್ನು ಮುಚ್ಚುವ ಮೊದಲೇ ಕಂಡುಬರುವುದು, ಅಲ್ಲಿಯೇ ತಿದ್ದಲೂ ಆಗುವುದು. ಮೊದಲಾದರೆ ಇದು ತಿಳಿಯುತ್ತಿದ್ದುದು ವಾರಗಳ ಮೇಲೆ, ಹೊಲಿಗೆ ಹರಿದು ಬೆರಳು ಮಡಿಚದೆ ಹೋದಾಗ.

ಇನ್ನೊಂದು ಸಣ್ಣ ಅಳತೆಯೂ ಹಳೆಯ ನಂಬಿಕೆಯನ್ನು ತಿದ್ದಿತು. ಅಡ್ರಿನಲಿನ್ ಕೊಟ್ಟು ಏಳು ನಿಮಿಷ ಕಾದರೆ ಸಾಕೆಂದು ಪುಸ್ತಕಗಳು ಹೇಳುತ್ತಿದ್ದವು. ಚರ್ಮದ ಮೇಲೆ ಬೆಳಕು ಹಾಯಿಸಿ, ಮರಳುವ ಬೆಳಕಿನಿಂದ ಅಲ್ಲಿನ ಹೀಮೊಗ್ಲೋಬಿನ್ ಎಷ್ಟೆಂದು ಅಳೆದಾಗ, ರಕ್ತ ಅತ್ಯಂತ ಕಡಮೆಯಾಗುವುದು ಸುಮಾರು ೨೬ ನಿಮಿಷಗಳ ಮೇಲೆ ಎಂದು ೨೦೧೩ರಲ್ಲಿ ಪ್ರಕಟವಾಯಿತು. ಈ ಪದ್ಧತಿಯನ್ನು ಅನುಸರಿಸುವವರು ಅದಕ್ಕಾಗಿಯೇ ಮದ್ದನ್ನು ಶಸ್ತ್ರಕ್ರಿಯೆಯ ಕೊಠಡಿಯ ಹೊರಗೇ ಕೊಟ್ಟು, ಬೆರಳು ಬಿಳಚಿಕೊಳ್ಳುವವರೆಗೆ ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ, ಅಷ್ಟರಲ್ಲಿ ಅವನ ಮುಂದಿನವನ ಕೈಯನ್ನು ಹೊಲಿದು ಮುಗಿಸುವರು.