ಹಾಲಿನ ಕೂಲರ್ ಉಲ್ಟಾ ತಿರುಗಿದ್ದು

ಫೇಸ್ ಅದಲುಬದಲಾದರೆ ಪಂಪು ಉಲ್ಟಾ ತಿರುಗುವುದು ನಮಗೆಲ್ಲ ಗೊತ್ತು. ಕಳೆದ ಮಳೆಗಾಲ, ಕಡಿದ ಲೈನು ಜೋಡಿಸಿದ ಸಂಜೆ, ನಮ್ಮ ಸೊಸೈಟಿಯ ಹಾಲಿನ ಕೂಲರಿಗೂ ಅದೇ ಆಯ್ತು. ಕಂಪ್ರೆಸರ್ ಕರಕರ ಎನ್ನುತ್ತ ಓಡುತ್ತಲೇ ಇತ್ತು. 4 ಡಿಗ್ರಿಗೆ ಇಳಿಯಬೇಕಾದ ಹಾಲು ಬೆಳಿಗ್ಗೆ ಹುಳಿಯಾಗಿತ್ತು.

ಹಳೆಯದು ಪಿಸ್ಟನ್ನಿನದು. ಹಿಂದೆ-ಮುಂದೆ ಹೋಗಿ ವಾಲ್ವಿನ ಮೂಲಕ ಗ್ಯಾಸನ್ನು ಎಳೆದು ಒತ್ತುವಂಥದ್ದು. ಮೋಟಾರು ಯಾವ ಕಡೆ ತಿರುಗಿದರೂ ಒತ್ತುವ ಕೆಲಸ ನಡೆಯುತ್ತದೆ. ಹೊಸದು ಸ್ಕ್ರಾಲ್. ಚಕ್ಕುಲಿಯಂಥ ಎರಡು ಸುರುಳಿ, ಒಂದರೊಳಗೊಂದು. ಒಂದು ಅಲುಗದು, ಇನ್ನೊಂದು ತಾನು ತಿರುಗದೆ, ಜರಡಿ ಆಡಿಸಿದ ಹಾಗೆ ಸುತ್ತು ಹಾಕುತ್ತದೆ. ಅಂಚಿನಲ್ಲಿ ಸಿಕ್ಕಿದ ಗ್ಯಾಸು ನಡುವಿಗೆ ಬರುತ್ತ ಬರುತ್ತ ಹಿಂಡಿಹೋಗುತ್ತದೆ. ಉಲ್ಟಾ ಆದರೆ ಒತ್ತುವುದೇ ಇಲ್ಲ. ತುಂಬ ಹೊತ್ತು ಬಿಟ್ಟರೆ ಒಳಗಿನದೇ ಹಾಳು.

ಸದ್ದು, ಅದುರಾಟ ಕಡಿಮೆ. ಕರೆಂಟೂ ಉಳಿಯುತ್ತದೆ, ಒಪ್ಪೋಣ. ಆದರೆ ಬೆಸುಗೆ ಹಾಕಿದ ಡಬ್ಬಿ ನೋಡಿ! ಬೋಲ್ಟಿನ ಹಳೆಯ ಪಿಸ್ಟನ್ನಿಗೆ ನಮ್ಮ ಪೇಟೆಯ ಮೆಕ್ಯಾನಿಕ್ಕೇ ವಾಲ್ವ್ ಬದಲಿಸಿದ್ದ. ಇದು ಒಳಗೆ ಕೆಟ್ಟರೆ ಇಡಿಯಾಗಿ ಹೊಸದೇ.

ಮೂರು ಫೇಸಿನ ಸ್ಕ್ರಾಲ್ ಕೊಳ್ಳುವವರು, ಫೇಸ್ ಉಲ್ಟಾ ಆದರೆ ಲೈನ್ ಕಡಿಯುವ ರಿಲೇ ಪ್ಯಾನೆಲಿನಲ್ಲಿ ಉಂಟಾ ಅಂತ ಮೊದಲು ಕೇಳಿ. ನಾವು ಹಾಲು ಚೆಲ್ಲಿದ ಮೇಲೆ ಹಾಕಿಸಿದೆವು. ಲೈನ್ ರಿಪೇರಿಯಾದ ದಿನ ಈಗಲೂ ಕಂಪ್ರೆಸರಿಗೆ ವಾಪಸು ಬರುವ ದಪ್ಪ ಪೈಪು ಮುಟ್ಟಿ, ತಣ್ಣಗಾದದ್ದು ನೋಡಿಯೇ ಮನೆಗೆ ಹೊರಡುವುದು.